ಅರಿಶಿನದ ಕುಳಿಗೆ ಸಿಮೆಂಟು

ನಿವೃತ್ತಿಯ ನೆನಪು ಬರೆಯಬೇಕಾದರೆ ತಲೆ ನರೆತಿರಬೇಕು ಎಂದು ವಾದಿಸುವವರಿದ್ದಾರೆ. ಆ ನಿಯಮ ಎಲ್ಲಿ ಬರೆದಿದೆ, ತೋರಿಸಿ ಎನ್ನುತ್ತೇನೆ ನಾನು. ಕೆಲಸ ಬಿಟ್ಟಾಗ ನನಗಿನ್ನೂ ಮೂವತ್ತೈದಾಗಿರಲಿಲ್ಲ. ಬಿಟ್ಟೆ ಎನ್ನುವುದೂ ತಪ್ಪು. ಗುತ್ತಿಗೆ ಮುಗಿಯಿತು, ಅದರ ಜೊತೆಗೇ ಹುದ್ದೆಯೂ ಮುಗಿಯಿತು. ಹಾರ ಹಾಕಲಿಲ್ಲ, ಶಾಲು ಹೊದಿಸಲಿಲ್ಲ, ಗುರುತಿನ ಚೀಟಿ ಮಾತ್ರ ಮರೆಯದೆ ವಾಪಸು ಕೇಳಿ ಇಸಿದುಕೊಂಡರು. ಈಗ ಅದೇ ಹುದ್ದೆಗೆ ಬೇರೆ ಹೆಸರಿಟ್ಟು ಮತ್ತೆ ಅರ್ಜಿ ಕರೆದಿದ್ದಾರೆ. ನಮ್ಮ ಕಡೆಯ ಒಬ್ಬಳು ಹುಡುಗಿ ಫೋನು ಮಾಡಿ, "ಅಕ್ಕಾ, ಆ ಕೆಲ್ಸ ಎಂಗೈತೆ, ಸೇರ್ಬೋದಾ?" ಎಂದು ಕೇಳಿದಳು. ಸೇರು ಎಂದೆ. ಆದರೆ ಎಂಗೈತೆ ಎನ್ನುವುದಕ್ಕೆ ಫೋನಿನಲ್ಲಿ ಉತ್ತರ ಹೇಳಲಾಗಲಿಲ್ಲ. ಅದಕ್ಕೇ ಇದು.

ಊರಿನ ಹೆಸರು ಹೇಳುವುದಿಲ್ಲ. ತಮಿಳುನಾಡಿನ ಸೇಲಂ, ಧರ್ಮಪುರಿ ಎರಡು ಜಿಲ್ಲೆಗಳಲ್ಲಿ ಎಲ್ಲಾದರೂ ಇರಬಹುದು ಅಂದುಕೊಳ್ಳಿ. ಒಂದೇ ರಸ್ತೆಯ ಮೇಲೆ ಮೂರು ಸರ್ಕಾರಿ ಕಟ್ಟಡ: ಒಂದು ಮ್ಯೂಸಿಯಂ, ಒಂದು ಗ್ರಂಥಾಲಯ, ಒಂದು ಹಳೆ ದಾಖಲೆಗಳ ಕಚೇರಿ. ಮೂರಕ್ಕೂ ನಡುವೆ ಒಂದು ಟೀ ಅಂಗಡಿ. ಮೂರೂ ಕಚೇರಿಯವರು ಬೆಳಿಗ್ಗೆ ಸಂಜೆ ಅಲ್ಲೇ ನಿಂತು ಟೀ ಕುಡಿಯುತ್ತಾರೆ. ಮಗನ ಮಾರ್ಕು, ಮಗಳ ಜಾತಕ, ಮಂಡಿನೋವಿನ ಎಣ್ಣೆ ಎಲ್ಲವನ್ನೂ ಹಂಚಿಕೊಳ್ಳುತ್ತಾರೆ. ತಮ್ಮ ತಮ್ಮ ಬೀರುವಿನಲ್ಲಿ ಏನಿದೆ ಎಂಬುದೊಂದನ್ನು ಬಿಟ್ಟು.

ಆ ಒಂದನ್ನು ಹಂಚಿಕೊಳ್ಳುವಂತೆ ಮಾಡುವುದೇ ನನ್ನ ಕೆಲಸ. ಸರಳವಾಗಿ ಹೇಳುತ್ತೇನೆ. ಒಂದು ಊರಿನ ಕಲ್ಲು ಮ್ಯೂಸಿಯಂನಲ್ಲಿದೆ, ಅದೇ ಊರಿನ ಹಾಡು ಗ್ರಂಥಾಲಯದ ಟೇಪಿನಲ್ಲಿದೆ, ಅದೇ ಊರಿನ ನಕ್ಷೆ ದಾಖಲೆ ಕಚೇರಿಯಲ್ಲಿದೆ. ಮೂವರಿಗೂ ಮೂರು ಪಟ್ಟಿ, ಮೂರು ನಂಬರು. ಒಬ್ಬರದು ಇನ್ನೊಬ್ಬರಿಗೆ ಕಾಣುವುದಿಲ್ಲ. ನಾನು ಮೂರನ್ನೂ ಸೇರಿಸಿ ಒಂದೇ ಗುರುತು ಕೊಡಬೇಕು. ಆಮೇಲೆ ಅದನ್ನು ಇಂಟರ್ನೆಟ್ಟಿನಲ್ಲಿ ಇಡಬೇಕು. ಯಾರು ಬೇಕಾದರೂ ನೋಡಬಹುದು, ತೆಗೆದುಕೊಳ್ಳಬಹುದು, ಬಳಸಬಹುದು, ಯಾರ ಅಪ್ಪಣೆಯೂ ಬೇಡ. ಮುಕ್ತ ದತ್ತಾಂಶ ಎಂದರೆ ಇಷ್ಟೇ. ಮೂರೂ ಕಚೇರಿಯ ಮೇಲಧಿಕಾರಿಗಳು ಸೇರಿ ದೀಪ ಹಚ್ಚಿ ಇದನ್ನು ಉದ್ಘಾಟಿಸಿದರು. ದೀಪ ಆರುವ ಮೊದಲೇ ಉತ್ಸಾಹ ಆರಿತು.

ಮೊದಲು ಮೂವರಿಗೂ ನಿಮ್ಮ ಪಟ್ಟಿ ಕಳಿಸಿ ಎಂದೆ. ಗ್ರಂಥಪಾಲಕಿ ಪೊನ್ನಿಯವರು ಮಾರನೇ ದಿನವೇ ಅಚ್ಚುಕಟ್ಟಾದ ಕೋಷ್ಟಕ ಕಳಿಸಿದರು. ಮ್ಯೂಸಿಯಂನವರು ಕಂಪ್ಯೂಟರಿನಲ್ಲೇ ಇದ್ದ ಪಟ್ಟಿಯನ್ನು ಮುದ್ರಿಸಿ, ಸೀಲು ಒತ್ತಿ, ಆ ಕಾಗದವನ್ನು ಸ್ಕ್ಯಾನ್ ಮಾಡಿ, ಅದರ ಚಿತ್ರ ಕಳಿಸಿದರು. ಯಂತ್ರ ಓದಲಾರದ್ದನ್ನು ಯಂತ್ರದ ಮೂಲಕವೇ ಕಳಿಸುವ ವಿದ್ಯೆ. ದಾಖಲೆ ಕಚೇರಿಯಿಂದ ಒಂದು ಪೆನ್ ಡ್ರೈವ್ ಬಂತು. ಅದರೊಳಗೆ ಬೀರುಗಳ ಫೋಟೋ ಇತ್ತು. ಬೀರು ಮುಚ್ಚಿತ್ತು. ಒಳಗಿರುವುದು ಎಲ್ಲಿ ಎಂದು ಕೇಳಿದರೆ, "ಬೀಗದ ಕೈ ನಮ್ಮ ಹತ್ತಿರ ಭದ್ರವಾಗಿದೆ ಮೇಡಂ" ಎಂದರು.

ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲೇ ಒಂದು ಕಲ್ಲನ್ನು ಕಂಡೆ. ಮ್ಯೂಸಿಯಂನ ಹಿಂದಿನ ವರಾಂಡದಲ್ಲಿ ಗೋಡೆಗೆ ಆನಿಸಿ ನಿಲ್ಲಿಸಿದ ವೀರಗಲ್ಲುಗಳಲ್ಲಿ ಮೂಲೆಯದು. ಕೈಯಲ್ಲಿ ಕತ್ತಿ ಹಿಡಿದ ಒಬ್ಬ ವೀರ, ಅವನ ಎಡಗಾಲಿನ ಬಳಿ ಒಂದು ನಾಯಿ. ಬಲಗಾಲಿನ ಬಳಿ ಒಂದು ಕುಳಿ, ಅಂಗೈ ಅಗಲದ್ದು, ನುಣ್ಣಗೆ. ಆ ದಿನ ಅದರ ಮುಂದೆ ನಾಲ್ಕಾರು ಹೆಂಗಸರು ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಅವರಲ್ಲೊಬ್ಬಳು ಅರಿಶಿನದ ಕೊಂಬನ್ನು ಕುಳಿಗೆ ಒತ್ತಿ, ನೀರು ಚಿಮುಕಿಸಿ, ಗಂಧ ತೇಯುವ ಹಾಗೆ ತೇಯುತ್ತಿದ್ದಳು. ಕಾವಲುಗಾರ ಬೇಕೆಂದೇ ಬೇರೆ ಕಡೆ ನೋಡುತ್ತಿದ್ದ. ಹೆಂಗಸರು ತಮ್ಮೊಳಗೆ ಕನ್ನಡ ಮಾತಾಡುತ್ತಿದ್ದರು, ನಮ್ಮ ಕೊಳತ್ತೂರು ಕಡೆಯ ಕನ್ನಡ. ನಾನೂ ಕನ್ನಡದಲ್ಲೇ ಕೇಳಿದೆ, ಇದೇನು ಎಂದು.

ತೇಯುತ್ತಿದ್ದವಳು ತಲೆಯೆತ್ತಿದಳು. ಅವಳೇ ಕೆಂಪಮ್ಮ. "ಅಯ್ಯೋ, ನಮ್ಮೋಳೇ ಕಣ್ರೇ ಇವ್ಳು. ಯಾರ ಮಗ್ಳವ್ವಾ ನೀನು? ಆಫೀಸ್ನಾಗೆ ಕನ್ನಡ ಆಡೋರ್ನ ಇವತ್ತೇ ನೋಡಿದ್ದು" ಎಂದು ಪಕ್ಕದಲ್ಲಿ ಜಾಗ ಮಾಡಿ ಕೂರಿಸಿಕೊಂಡಳು.

ಅವರ ಮೂಲ ಊರು ಈಗ ಮೆಟ್ಟೂರು ಜಲಾಶಯದ ನೀರಿನಡಿ ಇದೆ. ಅಣೆಕಟ್ಟು ಕಟ್ಟಿದಾಗ ಅಜ್ಜಂದಿರು ಮೇಲೆ ಬಂದು ಕೊಳತ್ತೂರಿನ ಪಕ್ಕ ಹೊಸ ಊರು ಮಾಡಿಕೊಂಡರು. ಹಳೆಯದನ್ನು ಅವರು ಕೆಳಗಲೂರು ಎನ್ನುತ್ತಾರೆ. ಈ ಕಲ್ಲು ಅವರ ಈರಪ್ಪ, ಕೆಳಗಲೂರಿನಲ್ಲೇ ಉಳಿದವನು. ಆ ಮನೆತನಗಳಲ್ಲಿ ಮದುವೆಯ ಹೆಣ್ಣಿಗೆ ಹಚ್ಚುವ ಮೊದಲ ಅರಿಶಿನ ಈರಪ್ಪನ ಬಲಗಾಲಿನ ಬಳಿ ತೇಯ್ದದ್ದೇ ಆಗಬೇಕು. ಬೇಸಿಗೆಯಲ್ಲಿ ನೀರು ಇಳಿದು ಕಲ್ಲು ಎದ್ದಾಗ ಕೆಸರು ತುಳಿದುಕೊಂಡು ಹೋಗಿ ತೇಯ್ದು ತರುತ್ತಿದ್ದರು. ನೀರು ಇಳಿಯದಿದ್ದರೆ ಮದುವೆಯನ್ನೇ ಮುಂದಕ್ಕೆ ಹಾಕುತ್ತಿದ್ದರು. ನಮ್ಮ ಕಡೆ ಮುಹೂರ್ತ ನೋಡೋನು ಐಯರಲ್ಲ, ಡ್ಯಾಂ ಇಂಜಿನಿಯರು ಎಂದು ಹೆಂಗಸರು ನಗಾಡಿದರು. ಹಿಂದೊಮ್ಮೆ ನೀರು ಇಳಿದಿದ್ದಾಗ ಅಧಿಕಾರಿಗಳು ಟ್ರ್ಯಾಕ್ಟರ್ ತಂದು, ರಕ್ಷಣೆಗೆ ಎಂದು ಹೇಳಿ ಕಲ್ಲನ್ನು ಇಲ್ಲಿಗೆ ಸಾಗಿಸಿದರು. ಅಂದಿನಿಂದ ಕೆಸರಿನ ಬದಲು ಬಸ್ಸು, ಅಷ್ಟೇ ವ್ಯತ್ಯಾಸ.

"ನಮ್ಮವ್ವ ತೇಯ್ದದ್ದೂ ಇದ್ರಾಗೇ, ಅವ್ಳವ್ವ ತೇಯ್ದದ್ದೂ ಇದ್ರಾಗೇ" ಎಂದಳು ಕೆಂಪಮ್ಮ. "ತೇಯ್ದೂ ತೇಯ್ದೂ ಕಲ್ಲು ಸವೆದು ಕುಳಿ ಆಯ್ತು. ಎಲ್ರ ಕೈನೂ ಐತೆ ಇದ್ರಾಗೆ. ನನ್ ಮಗ್ಳಿಗೂ ಇಲ್ಲೇ ತೇಯ್ತೀನಿ."

ಮಗಳು ಸುಧಾ ಅಲ್ಲೇ ಕಂಬಕ್ಕೆ ಒರಗಿ ಫೋನು ನೋಡುತ್ತಿದ್ದಳು. ಕಾಲೇಜಿನ ಹುಡುಗಿ, ಅಮ್ಮನಿಗೂ ತಮಿಳಿನಲ್ಲೇ ಉತ್ತರ ಕೊಡುವವಳು. "ಎನಕ್ಕು ಪ್ಯಾಕೆಟ್ ಮಂಜಳೇ ಪೋದುಂ" ಎಂದಳು, ತಲೆ ಎತ್ತದೆ. ನನಗೆ ಪ್ಯಾಕೆಟ್ ಅರಿಶಿನವೇ ಸಾಕು.

"ಪ್ಯಾಕೆಟ್ನಾಗೆ ಗಂಡನ್ನೂ ಕೊಡ್ತಾರಂತೆ, ಓಗಿ ತಗಾ" ಎಂದಳು ಕೆಂಪಮ್ಮ.

ನಾನು ಕೋಣೆಗೆ ಬಂದು ಮ್ಯೂಸಿಯಂನ ಪಟ್ಟಿಯಲ್ಲಿ ಆ ಕಲ್ಲನ್ನು ಹುಡುಕಿದೆ. ವೀರಗಲ್ಲು. ಸಿಕ್ಕಿದ ಜಾಗ: ಜಲಾಶಯ ಪ್ರದೇಶ. ಸ್ಥಿತಿ: ಬಲಗಾಲಿನ ಬಳಿ ಹಾನಿ, ದುರಸ್ತಿ ಅಗತ್ಯ.

ಹಾನಿಯಂತೆ. ತಲೆಮಾರುಗಳ ತಾಯಂದಿರು ಕೈಯಾರೆ ಸವೆಸಿದ್ದು ಹಾನಿಯಂತೆ. ಆದರೆ ಇದನ್ನು ಬರೆದವನ ಮೇಲೆ ನನಗೆ ಸಿಟ್ಟಿಲ್ಲ. ಅವನ ಮುಂದಿದ್ದದ್ದು ಒಂದು ಕಲ್ಲು, ಅದರಲ್ಲೊಂದು ತಗ್ಗು. ಕಲ್ಲು ಹಾಡುವುದಿಲ್ಲವಲ್ಲ. ಹಾಡು ರಸ್ತೆಯ ಆಚೆ ಇತ್ತು. ಪೊನ್ನಿಯವರ ಗ್ರಂಥಾಲಯದಲ್ಲಿ ಹಳೆಯ ಟೇಪುಗಳಿದ್ದವು, ಯಾರೋ ಪುಣ್ಯಾತ್ಮರು ಊರೂರು ತಿರುಗಿ ಹಾಡು ಸಂಗ್ರಹಿಸಿ ಕೊಟ್ಟು ಹೋದದ್ದು. ಅದರಲ್ಲಿ ಈರಪ್ಪನ ಕಾಲಿನ ಬಳಿ ಅರಿಶಿನ ತೇಯುವಾಗ ಹೇಳುವ ಹಾಡು ಇತ್ತು, ಊರಿನ ಹೆಸರಿನ ಸಮೇತ. ಅಲ್ಲಿಂದ ನಾಲ್ಕು ಹೆಜ್ಜೆ ನಡೆದರೆ ದಾಖಲೆ ಕಚೇರಿ. ಅಲ್ಲಿ ಅಣೆಕಟ್ಟೆಗಾಗಿ ಬರೆದ ನಕ್ಷೆ, ನಕ್ಷೆಯಲ್ಲಿ ಆ ಊರು, ಊರಿನ ಅಂಚಿನಲ್ಲಿ ಆ ಕಲ್ಲು. ಗ್ರಂಥಾಲಯಕ್ಕೆ ಹಾಡು ಗೊತ್ತು, ಕಲ್ಲು ಎಲ್ಲಿ ಹೋಯಿತೋ ಗೊತ್ತಿಲ್ಲ. ದಾಖಲೆ ಕಚೇರಿಗೆ ಜಾಗ ಗೊತ್ತು, ಅಲ್ಲಿ ಏನು ನಡೆಯುತ್ತಿತ್ತೋ ಗೊತ್ತಿಲ್ಲ. ಮ್ಯೂಸಿಯಂ ಹತ್ತಿರ ಕಲ್ಲೇ ಇದೆ, ಮಿಕ್ಕಿದ್ದು ಏನೂ ಗೊತ್ತಿಲ್ಲ. ಸರ್ಕಾರಕ್ಕೆ ಎಲ್ಲವೂ ಗೊತ್ತಿತ್ತು ಸ್ವಾಮಿ, ಮೂರು ತುಂಡಾಗಿ.

ಒಂದು ಮಧ್ಯಾಹ್ನದಲ್ಲಿ ಮೂರನ್ನೂ ಜೋಡಿಸಿದೆ. ಜಂಟಿ ಪಟ್ಟಿಯಲ್ಲಿ ಹೀಗೆ ಬರೆದೆ: ಬಲಗಾಲಿನ ಬಳಿಯ ಕುಳಿ ಹಾನಿಯಲ್ಲ, ಮದುವೆಯ ಅರಿಶಿನ ತೇಯ್ದು ಆದದ್ದು, ಈಗಲೂ ಬಳಕೆಯಲ್ಲಿದೆ, ಮುಟ್ಟಬಾರದು. ಇದರಲ್ಲಿ ನನ್ನ ಜಾಣತನ ಏನೂ ಇಲ್ಲ. ರಸ್ತೆ ದಾಟಲು ಕಾಲಿರುವ ಯಾರಾದರೂ ಮಾಡಬಹುದಿತ್ತು.

ಆದರೆ ಜಂಟಿ ಪಟ್ಟಿ ಹೊರಗೆ ಕಾಣಬೇಕಾದರೆ ಮೂವರು ಮುಖ್ಯಸ್ಥರೂ ಸಹಿ ಹಾಕಬೇಕು ಎಂಬ ನಿಯಮವಿತ್ತು. ಹೊರಗಿನವರಿಗಷ್ಟೇ ಅಲ್ಲ, ಆ ಕಚೇರಿಗಳ ಸ್ವಂತ ಸಿಬ್ಬಂದಿಗೂ ಅಲ್ಲಿಯವರೆಗೆ ಅದು ಕಾಣದು. ಪೊನ್ನಿಯವರು ಸಹಿ ಹಾಕಿದರು. ಟೇಪಿನ ಹಾಡುಗಳನ್ನು ಮಾತ್ರ, ಹಾಡಿದವರ ಮನೆಯವರನ್ನು ಕೇಳದೆ ಬಿಡುವುದಿಲ್ಲ ಎಂದರು. ಅದು ನ್ಯಾಯವಾದ ಮಾತು. ದಾಖಲೆ ಕಚೇರಿಯವರು, ನಕ್ಷೆ ಹೊರಗೆ ಬಂದರೆ ಭೂಮಿ ತಕರಾರು ಏಳುತ್ತದೆ ಎಂದರು. ಜನ ತಮ್ಮ ಜಾಗ ಎಲ್ಲಿತ್ತೆಂದು ತಿಳಿದುಕೊಂಡರೆ ತಕರಾರು, ತಿಳಿಯದಿದ್ದರೆ ಶಾಂತಿ. ಇದು ಅವರ ತರ್ಕ.

ಇನ್ನು ನಮ್ಮ ಕ್ಯುರೇಟರ್. ಮ್ಯೂಸಿಯಂನ ಮುಖ್ಯಸ್ಥರು. ಮೆತ್ತಗಿನ ಮನುಷ್ಯ, ಯಾರಿಗೂ ಗದರಿದವರಲ್ಲ. ಏನು ಕೇಳಿದರೂ ಕನ್ನಡಕ ತೆಗೆದು ಒರೆಸಿ, "ಪಾರ್ತುಕ್ಕಲಾಂ" ಎನ್ನುವರು. ನೋಡಿಕೊಳ್ಳೋಣ. ಗದರುವ ಅಧಿಕಾರಿಯ ಜೊತೆ ಜಗಳವಾಡಬಹುದು. ಪಾರ್ತುಕ್ಕಲಾಂ ಎನ್ನುವವರ ಜೊತೆ ಹೇಗೆ ಆಡುತ್ತೀರಿ? ಕಾಲೇಜಿನಲ್ಲಿ ಪಟ್ಟಿಮನ್ರಂ ಎಂಬ ವಾದಸ್ಪರ್ಧೆಗಳಲ್ಲಿ ನನಗೆ ಒಂದು ಪಾಠ ಕಲಿಸಿದ್ದರು: ಎದುರಾಳಿ ವಾದವನ್ನೇ ಮಂಡಿಸದಿದ್ದರೆ ಅವನನ್ನು ಸೋಲಿಸಲಾಗದು. ಒಂದು ಸಲ ಮಾತ್ರ ಅವರ ಬಾಯಿಂದ ನಿಜವಾದ ಕಾರಣ ಬಂತು. "ಈ ಕಲ್ಲು ಇಂಥ ಊರಿನದು ಅಂತ ನಾವೇ ಬರೆದುಕೊಟ್ಟರೆ, ನಾಳೆ ಅವರು ಟ್ರ್ಯಾಕ್ಟರ್ ತಂದರೆ?" ಎಂದರು.

"ಟ್ರ್ಯಾಕ್ಟರ್ ತಂದವರು ನಾವು ಸಾರ್" ಎಂದೆ. "ಅವರು ತಂದದ್ದು ಅರಿಶಿನದ ಕೊಂಬು."

ಅವರು ಕನ್ನಡಕ ಒರೆಸಿದರು.

ಈ ನಡುವೆ ಎಡಪ್ಪಾಡಿಯಿಂದ ಮುತ್ತು ಎಂಬ ನೇಕಾರ ಬಂದ. ಮನೆಮಾತು ಕನ್ನಡ. ಅವನ ತಾತನ ಕಾಲದ ಒಂದು ಸೀರೆಯ ಅಂಚಿನ ನಮೂನೆ ಮನೆಯಲ್ಲಿ ಕಳೆದುಹೋಗಿತ್ತು. ಮ್ಯೂಸಿಯಂನಲ್ಲಿ ಅಂಥದ್ದೊಂದು ಸುತ್ತಿಟ್ಟ ಬಟ್ಟೆ ಇದೆಯೆಂದು ಯಾರೋ ಹೇಳಿದ್ದರು. ನೋಡಿ ಎಳೆ ಎಣಿಸಿಕೊಂಡು ಹೋಗುತ್ತೇನೆ ಎಂದ. ಅವನಿಗೆ ಸಂಶೋಧಕ ಎಂಬ ಪತ್ರ ತರಲು ಹೇಳಿದರು. ನೇಯುವವನು ಸಂಶೋಧಕನಲ್ಲ ಎಂದು ಯಾರು ತೀರ್ಮಾನಿಸಿದರು? ಪತ್ರಕ್ಕಾಗಿ ಅಲೆದು ಅಲೆದು ಅವನು ಬರುವುದನ್ನೇ ಬಿಟ್ಟ. ಬಹಳ ದಿನದ ಮೇಲೆ ಒಂದು ಮಧ್ಯಾಹ್ನ ಟೀ ಅಂಗಡಿಯಲ್ಲಿ ಸಿಕ್ಕಿ ಫೋನು ತೆಗೆದು ತೋರಿಸಿದ. ಕಡಲಾಚೆಯ ಯಾವುದೋ ಮ್ಯೂಸಿಯಂ ತನ್ನ ಸಂಗ್ರಹವನ್ನೆಲ್ಲ ಮುಕ್ತವಾಗಿ ಇಟ್ಟಿತ್ತು. ಅದರಲ್ಲಿ ನಮ್ಮ ಸೀಮೆಯ ಬಟ್ಟೆ, ಅದೇ ಅಂಚು. ದೊಡ್ಡದು ಮಾಡಿದರೆ ಎಳೆ ಎಳೆಯೂ ಕಾಣುತ್ತಿತ್ತು. ಅವನು ಆಗಲೇ ಮಗ್ಗಕ್ಕೆ ಹಾಕಿದ್ದ.

"ಅವ್ರು ನನ್ನ ಯಾರು ಅಂತ್ಲೂ ಕೇಳ್ನಿಲ್ಲ ಮೇಡಂ" ಎಂದ ಮುತ್ತು. "ನಮ್ಮ ಆಫೀಸ್ನಾಗೆ ಕೇಳಿದ್ದೇ ಅದು."

ಮುತ್ತುವಿನ ಕತೆಯನ್ನು ಮುಂದಿನ ಸಭೆಯಲ್ಲಿ ಹೇಳಿದೆ. ಕ್ಯುರೇಟರ್ ಸಂತೋಷಪಟ್ಟರು. ಅವನ ಕೆಲಸ ಆಯಿತಲ್ಲ, ಇನ್ನು ನಾವು ತೆರೆಯುವ ಅಗತ್ಯವೇನು ಎಂದರು.

ಎದುರು ಪಕ್ಷಕ್ಕೂ ನ್ಯಾಯ ಕೊಡಬೇಕು. ತೆರೆಯಬಾರದ್ದೂ ಇದೆ, ಅದನ್ನು ನಾನು ಕಲಿತದ್ದು ಪಾಪಿರೆಡ್ಡಿಪಟ್ಟಿಯಲ್ಲಿ. ಅಲ್ಲಿ ಹೊಲದ ಬದುಗಳಲ್ಲಿ, ಹುಣಸೆ ಮರದಡಿ ವೀರಗಲ್ಲುಗಳು ಇನ್ನೂ ನಿಂತ ಜಾಗದಲ್ಲೇ ನಿಂತಿವೆ, ಪೂಜೆಯೂ ಆಗುತ್ತದೆ. ಅವನ್ನೂ ಪಟ್ಟಿಗೆ ಸೇರಿಸಲು ಹೋದೆವು. ಸಾಫ್ಟ್‌ವೇರ್ ಕಂಪನಿಯವರು ಕೊಟ್ಟ ನಮೂನೆಯಲ್ಲಿ ಕಲ್ಲು ಇರುವ ಜಾಗವನ್ನು ನಕ್ಷೆಯ ಮೇಲೆ ಚುಕ್ಕಿ ಇಟ್ಟು ತೋರಿಸದಿದ್ದರೆ ಮುಂದಿನ ಪುಟವೇ ತೆರೆಯದು. ಟೊಮೇಟೊ ಗಿಡಕ್ಕೆ ಕಡ್ಡಿ ಕಟ್ಟುತ್ತಿದ್ದ ಹೊಲದ ಯಜಮಾನಿ ಕಲ್ಲಿನ ಕತೆಯನ್ನೆಲ್ಲ ಹೇಳಿದಳು. ಚುಕ್ಕಿ ಇಡಲು ಫೋನು ಎತ್ತಿದ ಕೂಡಲೇ ಕೈ ಅಡ್ಡ ಹಿಡಿದಳು. ಎಲ್ಲರಿಗೂ ಗೊತ್ತಾಗಲಿ ಎಂದಲ್ಲವೇ ನಾವು ಬಂದದ್ದು ಎಂದು ವಾದಿಸಿದೆ.

"ಕತೆ ಬೇಕಾದ್ರೆ ಊರಿಗೆಲ್ಲಾ ಏಳು" ಎಂದಳು. "ದಾರಿ ಮಾತ್ರ ಏಳ್ಬ್ಯಾಡ. ಕತೆ ಕೇಳಾಕೆ ಬರೋನು ಅಗಲೊತ್ತು ಬತ್ತಾನೆ. ದಾರಿ ಕೇಳ್ಕಂಡು ಬರೋನು ಕತ್ಲಾಗೆ ಬತ್ತಾನೆ, ವ್ಯಾನ್ ತಗಂಡು."

ವಾದದಲ್ಲಿ ಸೋತೆ, ಸರಿಯಾಗಿಯೇ ಸೋತೆ. ಪೂಜೆಯಲ್ಲಿರುವ ಕಲ್ಲಿಗೆ ತಾಲ್ಲೂಕಿನ ಹೆಸರು ಸಾಕು, ಚುಕ್ಕಿ ಬೇಡ ಎಂದು ಕಂಪನಿಯವರ ಜೊತೆ ಹಟ ಹಿಡಿದು ನಮೂನೆ ಬದಲಾಯಿಸಿದೆ. ಆದರೆ ಇದನ್ನು ವರದಿಯಲ್ಲಿ ಬರೆದದ್ದೇ ತಡ, ಕ್ಯುರೇಟರಿಗೆ ಮೊದಲ ಬಾರಿಗೆ ಬರೆದು ತೋರಿಸಬಹುದಾದ ಒಂದು ವಾದ ಸಿಕ್ಕಿತು. ನೋಡಿ, ತೆರೆಯುವುದು ಅಪಾಯ ಎಂದು ಸ್ವತಃ ಮಾದೇವಿಯವರೇ, ಎಂದರೆ ನಾನೇ, ಬರೆದಿದ್ದಾರೆ, ಆದ್ದರಿಂದ ಇಡೀ ಪಟ್ಟಿಯನ್ನೇ ಸದ್ಯಕ್ಕೆ ತಡೆಹಿಡಿಯೋಣ ಎಂದು ಟಿಪ್ಪಣಿ ಹಾಕಿದರು. ಒಂದು ಕಿಟಕಿಗೆ ಪರದೆ ಹಾಕಿ ಎಂದರೆ ಮನೆಯ ಬಾಗಿಲಿಗೇ ಇಟ್ಟಿಗೆ ಕಟ್ಟಿದ ಹಾಗೆ. ಹೊಲದಲ್ಲಿರುವ ಕಲ್ಲಿನ ಜಾಗ ಮುಚ್ಚುವುದು ಕಲ್ಲಿನ ರಕ್ಷಣೆ. ವರಾಂಡದಲ್ಲಿರುವ ಕಲ್ಲಿನ ಕತೆ ಮುಚ್ಚುವುದು ಯಾರ ರಕ್ಷಣೆ?

ಹೊಸದಾಗಿ ಸೇರುವವರು ಇದೊಂದನ್ನು ನೆನಪಿಡಿ. ನಿಮ್ಮ ಎಚ್ಚರಿಕೆಯ ಮಾತನ್ನೇ ಎತ್ತಿ ನಿಮ್ಮ ಬಾಗಿಲಿಗೆ ಬೀಗ ಮಾಡುತ್ತಾರೆ. ಎಚ್ಚರಿಕೆ ಬರೆಯುವ ವಾಕ್ಯದಲ್ಲೇ ಅದು ಎಲ್ಲಿಗೆ ಅನ್ವಯಿಸುವುದಿಲ್ಲ ಎಂಬುದನ್ನೂ ಬರೆಯಿರಿ. ಮುಂದಿನ ವಾಕ್ಯಕ್ಕೆ ಬಿಡಬೇಡಿ, ಅಲ್ಲಿಯವರೆಗೆ ಯಾರೂ ಓದುವುದಿಲ್ಲ.

ಕಡೆಯ ವರ್ಷ ಮ್ಯೂಸಿಯಂಗೆ ಹೊಸ ಗ್ಯಾಲರಿ ಮಂಜೂರಾಯಿತು. ವರಾಂಡದ ಕಲ್ಲುಗಳೆಲ್ಲ ಒಳಗೆ, ದೀಪದ ಕೆಳಗೆ. ಆ ದಿನಗಳಲ್ಲಿ ನನ್ನನ್ನು ದಾಖಲೆ ಕಚೇರಿಯಲ್ಲಿ ನಕ್ಷೆಗಳ ಸ್ಕ್ಯಾನಿಂಗ್ ನೋಡಿಕೊಳ್ಳಲು ಹಾಕಿದ್ದರು. ಮ್ಯೂಸಿಯಂ ಕಡೆ ಹೋಗುವ ಕೆಲಸವೇ ಇರಲಿಲ್ಲ. ಕೆಂಪಮ್ಮ ಫೋನು ಮಾಡಿದಳು. ಸುಧಾಳಿಗೆ ಮದುವೆ ಗೊತ್ತಾಗಿದೆ, ಹುಡುಗನೂ ಕೆಳಗಲೂರಿನವರ ಮನೆಯವನೇ, ಸಂಕ್ರಾಂತಿ ಕಳೆದು ತೈ ತಿಂಗಳಲ್ಲಿ ಮುಹೂರ್ತ, ಶುಕ್ರವಾರ ಅರಿಶಿನಕ್ಕೆ ಬರಲೇ ಎಂದು ಕೇಳಿದಳು. ಬನ್ನಿ ಎಂದೆ. ಈರಪ್ಪ ಒಳಗೆ ಹೋಗಿದ್ದಾನೆ, ಇನ್ನು ಬಿಸಿಲಿನಲ್ಲಿ ಕೂರಬೇಕಾಗಿಲ್ಲ ಎಂದು ಹೇಳಿದೆ.

ಶುಕ್ರವಾರ ಮೊದಲ ಬಸ್ಸಿಗೇ ಬಂದರು. ಕೆಂಪಮ್ಮ, ಸುಧಾ, ಜೊತೆಗೆ ನಾಲ್ಕು ಜನ ಹೆಂಗಸರು. ತಾಂಬೂಲದ ತಟ್ಟೆ, ಹೊಸ ಕೊಂಬು. ಎಲ್ಲರೂ ಒಟ್ಟಿಗೇ ಹೊಸ ಗ್ಯಾಲರಿಯೊಳಗೆ ಹೋದೆವು. ನೆಲ ಹೊಳೆಯುತ್ತಿತ್ತು. ಕಲ್ಲುಗಳ ಮುಂದೆ ಕೆಂಪು ಹಗ್ಗ. ಕೆಂಪಮ್ಮ ಹಗ್ಗದ ಕೆಳಗೆ ನುಸುಳಿ ಕೂತು, ಕಣ್ಣು ಮುಚ್ಚಿ ಕೈ ಚಾಚಿದಳು. ದಿನಾ ನೀರು ಸೇದುವವಳಿಗೆ ಬಾವಿಯ ಹಗ್ಗ ಎಲ್ಲಿದೆ ಎಂದು ನೋಡಬೇಕಾಗಿಲ್ಲವಲ್ಲ, ಹಾಗೆ. ಕೈ ಕಲ್ಲಿನ ಮೇಲೆ ಆಡಿತು. ಮತ್ತೆ ಆಡಿತು. ಕಣ್ಣು ಬಿಟ್ಟಳು.

ಕುಳಿ ಇರಲಿಲ್ಲ.

ತುಂಬಿದ್ದರು. ಒರಟು ಸಿಮೆಂಟಲ್ಲ, ಕಲ್ಲಿನ ಪುಡಿ ಬೆರೆಸಿ, ಬಣ್ಣ ಹೊಂದಿಸಿ, ಉಜ್ಜಿ, ಗೊತ್ತಿಲ್ಲದವರಿಗೆ ಗೊತ್ತೇ ಆಗದ ಹಾಗೆ. ಅಷ್ಟು ಚೆನ್ನಾಗಿ ಮಾಡಿದ್ದರು. ದುರಸ್ತಿಗೆ ಬಂದವನ ಕೈಗೆ ಕೊಟ್ಟದ್ದು ಮ್ಯೂಸಿಯಂನ ಹಳೆಯ ಪಟ್ಟಿ. ಹಾನಿ ಎಂದಿತ್ತು, ದುರಸ್ತಿ ಅಗತ್ಯ ಎಂದಿತ್ತು. ಅವನು ಹೇಳಿದ ಕೆಲಸ ಮಾಡಿ ಹೋಗಿದ್ದ.

ಕ್ಯುರೇಟರ್ ಅದೇ ಹೊತ್ತಿಗೆ ಗ್ಯಾಲರಿ ನೋಡಲು ಬಂದರು. ಹಗ್ಗದೊಳಗೆ ಹೆಂಗಸರನ್ನು ಕಂಡು ಏನಾಯಿತೆಂದು ಕೇಳಿದರು. ಪ್ಯಾಕೆಟ್ ಮಂಜಳ್ ಸಾಕು ಎಂದಿದ್ದ ಹುಡುಗಿ ಮುಂದೆ ಬಂದಳು.

"ಕೇಕ್ಕಾಮಲೇ ಎಪ್ಪಡಿ ಸಾರ್?" ಎಂದಳು ಸುಧಾ. ಕೇಳದೆಯೇ ಹೇಗೆ ಸಾರ್?

ಅವರಿಗೆ ಅರ್ಥವಾಗಲಿಲ್ಲ. ನಾನು ವಿವರಿಸಿದೆ: ಅರಿಶಿನ, ಕುಳಿ, ಅವ್ವಂದಿರ ಕೈ. ಅವರ ಮುಖ ನಿಜವಾಗಿಯೂ ಬಿಳಿಚಿತು, ಅದನ್ನು ಮುಚ್ಚಿಡುವುದಿಲ್ಲ. ಕನ್ನಡಕ ಒರೆಸುವುದನ್ನೂ ಮರೆತು ಕೇಳಿದರು: "ಅಯ್ಯೋ, ಇದನ್ನು ಯಾರೂ ನನಗೆ ಹೇಳಲಿಲ್ಲವೇ?"

ನೀವು ಈ ಕೆಲಸಕ್ಕೆ ಸೇರಿದರೆ ಈ ಪ್ರಶ್ನೆಯನ್ನು ಕೇಳಿಸಿಕೊಳ್ಳಲು ತಯಾರಾಗಿರಿ. ಬರೆದಿಟ್ಟಿದ್ದೆ. ಅವರ ಸಹಿಗೆ ಕಳಿಸಿದ್ದೆ. ಸಭೆಯಲ್ಲಿ ಈ ಕಲ್ಲಿನ ಮಾತೇ ಬಂದಿತ್ತು, ಟ್ರ್ಯಾಕ್ಟರಿನ ಮಾತೂ ಬಂದಿತ್ತು. ಸಹಿಗಳು ಬಿದ್ದಿದ್ದರೆ ದುರಸ್ತಿಯವನು ತನ್ನ ಫೋನಿನಲ್ಲೇ ಓದಿಕೊಳ್ಳುತ್ತಿದ್ದ, ಮುಟ್ಟಬಾರದು ಎಂದು.

"ನಿಮ್ಮ ಮೇಜಿನ ಮೇಲಿದೆ ಸಾರ್" ಎಂದೆ. "ನನ್ನ ಮೊದಲ ವರ್ಷದಿಂದ."

ದುರಸ್ತಿಯವನಿಗೆ ಅಲ್ಲೇ ಫೋನು ಹಚ್ಚಿದರು, ತೆಗೆಯಬಹುದೇ ಎಂದು. ಗಟ್ಟಿ ಮಿಶ್ರಣ ಹಾಕಿದ್ದೇನೆ, ತೆಗೆದರೆ ಕಾಲೂ ಕಿತ್ತು ಬರುತ್ತದೆ ಎಂದ. ಬೇಕಿದ್ದರೆ ಮೇಲೆ ಅದೇ ಆಕಾರದ ತಗ್ಗು ಕೊರೆದು ಕೊಡುತ್ತೇನೆ ಎಂದೂ ಹೇಳಿದ. ಪಾಪ, ಉಪಕಾರ ಮಾಡಲು ಹೊರಟಿದ್ದ.

ಕೆಂಪಮ್ಮನಿಗೆ ಅದನ್ನು ಹೇಳಿದೆ. "ಬ್ಯಾಡ ಬುಡು" ಎಂದಳು. "ಕೊರ್ದದ್ದು ಕೊರ್ದಂಗೇ ಇರ್ತದೆ."

ಆಮೇಲೆ ಹೆಂಗಸರ ನಡುವೆ ಮಾತು ನಡೆಯಿತು, ತಗ್ಗಿದ ದನಿಯಲ್ಲಿ. ಒಬ್ಬಳು ಸಿಮೆಂಟಿನ ಮೇಲೆಯೇ ತೇಯಿ, ಜಾಗ ಅದೇ ತಾನೆ ಎಂದಳು. ಇನ್ನೊಬ್ಬಳು ಸಿಮೆಂಟು ಕಲ್ಲಲ್ಲ, ಅದು ಈರಪ್ಪನ ಮೈಯಲ್ಲ ಎಂದಳು. ಬಸ್ಸಿಗೆ ಹೊತ್ತಾಗುತ್ತಿತ್ತು, ಮುಹೂರ್ತಕ್ಕೆ ದಿನ ಇರಲಿಲ್ಲ. ಕೆಂಪಮ್ಮ ಎದ್ದು, ಕಲ್ಲಿನ ಆಚೆ ಬದಿಗೆ ಹೋಗಿ, ಎಡಗಾಲಿನ ಬಳಿ, ನಾಯಿಯ ಪಕ್ಕದಲ್ಲಿ ಕೂತಳು. ಕೊಂಬನ್ನು ಒತ್ತಿದಳು. ಅಲ್ಲಿ ಕಲ್ಲು ಒರಟು. ಅರಿಶಿನ ನಿಲ್ಲಲಿಲ್ಲ, ಹರಿದು ನೆಲಕ್ಕಿಳಿಯಿತು. ಸುಧಾ ತನ್ನ ಅಂಗೈ ಕೆಳಗೆ ಒಡ್ಡಿದಳು. ಕ್ಯುರೇಟರ್ ತಾವೇ ಬಂದು ಕೆಂಪು ಹಗ್ಗವನ್ನು ಬಿಚ್ಚಿ ಬದಿಗಿಟ್ಟರು. ಅಷ್ಟನ್ನು ಅವರ ಲೆಕ್ಕಕ್ಕೆ ಬರೆಯುತ್ತೇನೆ, ಅದಕ್ಕಿಂತ ಹೆಚ್ಚಿಲ್ಲ.

ಈ ಘಟನೆಯನ್ನು ಹೇಳಿದಾಗ ಕೆಲವರಿಗೆ ಕಣ್ಣು ತುಂಬುತ್ತದೆ. ಸಂಪ್ರದಾಯ ಸಾಯುವುದಿಲ್ಲ, ಹೊಸ ಕಾಲಿಗೆ ಹೊಸ ಕುಳಿ ಬೀಳುತ್ತದೆ, ಎಂಥ ಚೆಂದ ಎನ್ನುತ್ತಾರೆ. ಚೆಂದವೇನಿದೆ ಇದರಲ್ಲಿ? ನಾವೇ ಮನೆಗೆ ಬೆಂಕಿ ಹಚ್ಚಿ, ಬೀದಿಯಲ್ಲಿ ಒಲೆ ಹೂಡಿದವಳ ಜಾಣ್ಮೆಯನ್ನು ಹೊಗಳುವುದೇ?

ಆ ವಾರವೇ ಟಿಪ್ಪಣಿ ಬರೆದೆ. ದುರಸ್ತಿ ತಪ್ಪಾಗಿ ಆಗಿದೆ ಎಂದು ಮ್ಯೂಸಿಯಂನ ಪಟ್ಟಿಯಲ್ಲಿ ದಾಖಲಿಸಿ, ಜಂಟಿ ಪಟ್ಟಿಯನ್ನು ತೆರೆಯಿರಿ ಎಂದು ಕೇಳಿದೆ. ಪಾರ್ತುಕ್ಕಲಾಂ ಎಂಬ ಉತ್ತರವೂ ಈ ಸಲ ಬರಲಿಲ್ಲ. ಮಾರ್ಚಿಗೆ ನನ್ನ ಗುತ್ತಿಗೆ ಮುಗಿಯಿತು. ಹೊರಡುವ ಮೊದಲು ಮ್ಯೂಸಿಯಂನ ಪಟ್ಟಿಯನ್ನು ಒಮ್ಮೆ ತೆಗೆದು ನೋಡಿದೆ. ಈರಪ್ಪನ ಸಾಲು ಬದಲಾಗಿತ್ತು, ಅದನ್ನು ಮಾತ್ರ ಬೇಗ ಬದಲಾಯಿಸಿದ್ದರು. ಸ್ಥಿತಿ: ಉತ್ತಮ.

ಪೊನ್ನಿಯವರು ಕಾಯಲಿಲ್ಲ. ಹಾಡಿದ ಹೆಂಗಸರಲ್ಲಿ ಈಗ ಯಾರೂ ಇಲ್ಲ. ಅವರ ಮಕ್ಕಳ ಮನೆಮನೆಗೂ ಹೋಗಿ, ಟೇಪು ಕೇಳಿಸಿ, ಒಪ್ಪಿಗೆ ಪಡೆದು, ಆ ಹಾಡುಗಳನ್ನು ಯಾರು ಬೇಕಾದರೂ ಕೇಳುವಂತೆ ತೆರೆದಿಟ್ಟರು. ಗ್ರಂಥಾಲಯದ್ದನ್ನು ತೆರೆಯಲು ಗ್ರಂಥಾಲಯದ ಸಹಿ ಸಾಕು ಎಂದರು. ಅದು ಮೂರರಲ್ಲಿ ಒಂದು ಪಾಲು. ಹಾಡು ಇದೆ, ಆದರೆ ಅದು ಯಾವ ಕಲ್ಲಿನ ಹಾಡು, ಆ ಕಲ್ಲು ಈಗ ಎಲ್ಲಿದೆ ಎಂದು ಕೇಳುವವನಿಗೆ ಇವತ್ತಿಗೂ ಗೊತ್ತಾಗುವುದಿಲ್ಲ. ಮಿಕ್ಕ ಎರಡು ಪಾಲು ಬೀಗದೊಳಗಿದೆ.

ಸುಧಾಳ ಮದುವೆಗೆ ನಾನು ಹೋಗಿದ್ದೆ. ಕೊಳತ್ತೂರಿನಲ್ಲೇ, ಚಿಕ್ಕ ಮಂಟಪ. ಅರಿಶಿನ ಹಚ್ಚುವ ಹೊತ್ತಿಗೆ ಗಂಡಿನ ಕಡೆಯ ಹಿರಿಯಳೊಬ್ಬಳು ಬಟ್ಟಲನ್ನು ಕೈಗೆ ತೆಗೆದುಕೊಂಡು ಕೆಂಪಮ್ಮನನ್ನು ನೋಡಿದಳು. ಕೆಳಗಲೂರಿನಲ್ಲಿ ಹುಟ್ಟಿದವಳ ಮಗಳು ಆಕೆ. ಮ್ಯೂಸಿಯಂನಲ್ಲಿ ಏನೋ ಆಯಿತಂತೆ ಎಂಬ ಸುದ್ದಿ ಕಿವಿಗೆ ಬಿದ್ದಿರಬೇಕು.

"ಯಾವ ಕಾಲಿಂದಮ್ಮಾ ಇದು?" ಎಂದು ಕೇಳಿದಳು. ಮಂಟಪದಲ್ಲಿದ್ದ ಅವರ ಕಡೆಯ ಹೆಂಗಸರೆಲ್ಲ ಇತ್ತ ತಿರುಗಿದರು.

"ಬಲಗಾಲಿಂದು" ಎಂದಳು ಕೆಂಪಮ್ಮ.

ಸುಧಾ ತಲೆ ತಗ್ಗಿಸಿದಳು. ಹಿರಿಯಳು ಬಟ್ಟಲನ್ನು ಒಂದು ಕ್ಷಣ ಹಾಗೇ ಹಿಡಿದಿದ್ದು, ಬೆರಳದ್ದಿ ಹುಡುಗಿಯ ಕೆನ್ನೆಗೆ ಹಚ್ಚಿದಳು. ಮದುವೆ ನಡೆಯಿತು.

ಊಟದ ಪಂಕ್ತಿಯಲ್ಲಿ ಕೆಂಪಮ್ಮ ತಾನೇ ಪಾಯಸದ ಬಕೆಟ್ಟು ಹಿಡಿದು ಬಂದಳು. ನನ್ನ ಎಲೆಯ ಮುಂದೆ ಬಗ್ಗಿ, ಸೌಟನ್ನು ಎತ್ತದೆ ನಿಂತಳು.

"ಮಗ್ಳ ಮದ್ವೆ ದಿವ್ಸ ನನ್ ಬಾಯ್ನಾಗೆ ಸುಳ್ಳು ಏಳಿಸ್ಬುಟ್ರಲ್ಲವ್ವಾ" ಎಂದಳು. "ಅವ್ಳಿಗೆ ಮಗ್ಳುಟ್ಟಿದ್ರೆ ಅವ್ಳೂ ಇದ್ನೇ ಏಳ್ಬೇಕು."

ನನ್ನ ಜಾಗಕ್ಕೆ ಬರುವವರೇ, ಇಷ್ಟೇ ನಾನು ಹೇಳಬೇಕಾಗಿದ್ದದ್ದು. ಕೆಂಪಮ್ಮನ ಬಾಯಿಂದ ಬಂದದ್ದನ್ನು ವಾಪಸು ಪಡೆಯುವ ಶಕ್ತಿ ಯಾರಿಗೂ ಇಲ್ಲ. ಆದರೆ ಮ್ಯೂಸಿಯಂನ ಪಟ್ಟಿಯಲ್ಲಿ ಆ ಕಲ್ಲಿನ ಮುಂದೆ ಉತ್ತಮ ಎಂಬ ಇನ್ನೊಂದು ಸುಳ್ಳಿದೆ. ಕೆಲಸಕ್ಕೆ ಸೇರಿದ ಮೊದಲ ದಿನವೇ ಅದನ್ನು ಅಳಿಸಿ.